ಮರದೊಳಗಿನ ಲೆಕ್ಕಪತ್ರ: ಸಂರಕ್ಷಿತ ಮರಮುಟ್ಟಿನಲ್ಲಿ ರಾಸಾಯನಿಕದ ಪ್ರಮಾಣವನ್ನು ಅಳೆಯುವ ಬಗೆ

ವ್ಯಾಪಾರದಲ್ಲಿ ತೂಕ ಮತ್ತು ಅಳತೆಗೆ ಇರುವ ಸ್ಥಾನ ಎಲ್ಲರಿಗೂ ತಿಳಿದದ್ದೇ. ಅಕ್ಕಿಯನ್ನು ತೂಗಿ ಕೊಡಬಹುದು, ಬಟ್ಟೆಯನ್ನು ಅಳೆದು ಕೊಡಬಹುದು, ಮರವನ್ನು ಘನ ಅಡಿ ಅಥವಾ ಘನ ಮೀಟರಿನ ಲೆಕ್ಕದಲ್ಲಿ ಕೊಡಬಹುದು. ಆದರೆ ಗೆದ್ದಲು, ಕುಟ್ಟೆಹುಳು ಹಾಗೂ ಶಿಲೀಂಧ್ರಗಳಿಂದ ರಕ್ಷಣೆ ನೀಡುವ ಸಲುವಾಗಿ ರಾಸಾಯನಿಕದಿಂದ ಸಂಸ್ಕರಿಸಿದ ಮರಮುಟ್ಟನ್ನು ಕೊಳ್ಳುವಾಗ ಗ್ರಾಹಕನು ಹೆಚ್ಚುವರಿ ಹಣವನ್ನು ತೆರುವುದು ಕಣ್ಣಿಗೆ ಕಾಣದ ವಸ್ತುವಿಗೆ. ಮರದ ಮೇಲಿನ ಹಸಿರು ಛಾಯೆ ಸಂಸ್ಕರಣೆ ನಡೆದಿದೆ ಎಂಬುದನ್ನು ಸೂಚಿಸಬಹುದೇ ಹೊರತು, ಎಷ್ಟು ರಾಸಾಯನಿಕ ಒಳಸೇರಿದೆ ಎಂಬುದನ್ನು ಹೇಳಲಾರದು. ಹತ್ತು ವರ್ಷ ಬಾಳಬೇಕಾದ ಬೇಲಿಗಂಬ ಮೂರೇ ವರ್ಷದಲ್ಲಿ ಬುಡದಲ್ಲಿ ಕೊಳೆತಾಗ ಮಾತ್ರ ಕೊರತೆ ಬಯಲಾಗುತ್ತದೆ. ಅಷ್ಟು ಹೊತ್ತಿಗೆ ಹಣ ಸಂದಾಯವಾಗಿರುತ್ತದೆ, ಸರಕು ನೆಲ ಸೇರಿರುತ್ತದೆ, ಉಳಿದಿರುವುದು ವ್ಯಾಜ್ಯವೊಂದೇ.

ಈ ಕಾರಣದಿಂದಲೇ ಸಂರಕ್ಷಿತ ಮರದಲ್ಲಿನ ರಾಸಾಯನಿಕದ ಪ್ರಮಾಣವನ್ನು ಪ್ರಯೋಗಾಲಯದಲ್ಲಿ ಅಳೆಯುವ ವಿಧಾನಗಳು ಇಂದು ವಿಜ್ಞಾನಿಗಳಿಗೆ ಮಾತ್ರ ಸಂಬಂಧಿಸಿದ ವಿಷಯವಾಗಿ ಉಳಿದಿಲ್ಲ. ಮರದ ವರ್ತಕರು, ಪ್ಲೈವುಡ್ ತಯಾರಕರು, ಪೀಠೋಪಕರಣ ಹಾಗೂ ಮರದ ಆಟಿಕೆಗಳ ರಫ್ತುದಾರರು ತಮ್ಮ ಕೈಗೆ ಬರುವ ಪರೀಕ್ಷಾ ವರದಿಯನ್ನು ಓದಿ ಅರ್ಥೈಸಿಕೊಳ್ಳಬೇಕಾದುದು ಅನಿವಾರ್ಯವಾಗಿದೆ. ಅಂತಹ ವಿಧಾನಗಳಲ್ಲಿ ಪ್ರಮುಖವಾದ ದ್ರವ ಕ್ರೊಮ್ಯಾಟೋಗ್ರಫಿಯ ಪರಿಚಯ ಮತ್ತು ಅದರ ವಾಣಿಜ್ಯ ಮಹತ್ವವನ್ನು ವಿವರಿಸುವುದು ಈ ಲೇಖನದ ಉದ್ದೇಶ.

ದೆಹರಾದೂನಿನಿಂದ ಹೊರಟ ಒಂದು ಸಂಶೋಧನೆ

ಮರ ಸಂರಕ್ಷಣೆಯ ಇತಿಹಾಸದಲ್ಲಿ ಭಾರತಕ್ಕೆ ಹೆಮ್ಮೆಯ ಸ್ಥಾನವಿದೆ. ದೆಹರಾದೂನಿನ ಅರಣ್ಯ ಸಂಶೋಧನಾ ಸಂಸ್ಥೆಯಲ್ಲಿ ಸೊಂಟಿ ಕಾಮೇಶಂ ಅವರು 1933ರಲ್ಲಿ ತಾಮ್ರ, ಕ್ರೋಮಿಯಂ ಮತ್ತು ಆರ್ಸೆನಿಕ್ ಲವಣಗಳ ಮಿಶ್ರಣವೊಂದನ್ನು ರೂಪಿಸಿದರು. ತಾಮ್ರವು ಶಿಲೀಂಧ್ರಗಳನ್ನೂ ಆರ್ಸೆನಿಕ್ ಕೀಟಗಳನ್ನೂ ತಡೆಯುತ್ತಿದ್ದರೆ, ಕ್ರೋಮಿಯಂ ಇವೆರಡನ್ನೂ ಮಳೆನೀರಿಗೆ ತೊಳೆದುಹೋಗದಂತೆ ಮರದ ನಾರಿಗೆ ಕಟ್ಟಿಹಾಕುತ್ತಿತ್ತು. ‘ಆಸ್ಕು’ ಎಂಬ ವ್ಯಾಪಾರನಾಮದಲ್ಲಿ, ಮುಂದೆ ಸಿಸಿಎ ಎಂಬ ಸಂಕ್ಷಿಪ್ತ ಹೆಸರಿನಲ್ಲಿ ಈ ಮಿಶ್ರಣ ಜಗತ್ತಿನಾದ್ಯಂತ ಬಳಕೆಗೆ ಬಂದಿತು. ವಿದ್ಯುತ್ ಕಂಬಗಳಿಂದ ಮನೆಯಂಗಳದ ಬೇಲಿಯವರೆಗೆ ಅನೇಕ ದಶಕಗಳ ಕಾಲ ಇದರದೇ ಆಧಿಪತ್ಯವಾಗಿತ್ತು.

ಆರ್ಸೆನಿಕ್ ಕುರಿತ ಆರೋಗ್ಯದ ಆತಂಕಗಳು ಈ ಸ್ಥಿತಿಯನ್ನು ಬದಲಾಯಿಸಿದವು. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯು 2002ರ ಫೆಬ್ರವರಿಯಲ್ಲಿ ಪ್ರಕಟಿಸಿದಂತೆ, ಉದ್ಯಮವು ಸ್ವಯಂಪ್ರೇರಿತವಾಗಿ ಒಪ್ಪಿಕೊಂಡು, 2003ರ ಡಿಸೆಂಬರ್ 31ರ ನಂತರ ಬಹುತೇಕ ವಸತಿ ಬಳಕೆಯ ಮರಮುಟ್ಟಿಗೆ ಸಿಸಿಎ ಸಂಸ್ಕರಣೆಯನ್ನು ನಿಲ್ಲಿಸಿತು. ಯುರೋಪ್ ಒಕ್ಕೂಟವೂ 2003ರ ನಿರ್ದೇಶನದ ಮೂಲಕ ಇದರ ಬಳಕೆಗೆ ಕಟ್ಟುನಿಟ್ಟಿನ ಮಿತಿಗಳನ್ನು ವಿಧಿಸಿತು. ತೆರವಾದ ಸ್ಥಾನವನ್ನು ತುಂಬಿದ ಮಿಶ್ರಣಗಳಲ್ಲಿ ‘ಕಾಪರ್ ಅಜೋಲ್’ ಮುಖ್ಯವಾದುದು. ಇದರಲ್ಲಿ ಆರ್ಸೆನಿಕ್ ಇಲ್ಲ, ಕ್ರೋಮಿಯಂ ಇಲ್ಲ. ತಾಮ್ರದ ಜೊತೆಗೆ ಟೆಬುಕೊನಜೋಲ್, ಪ್ರೊಪಿಕೊನಜೋಲ್ ಎಂಬ ಸಾವಯವ ಶಿಲೀಂಧ್ರನಾಶಕಗಳನ್ನು ಅಲ್ಪ ಪ್ರಮಾಣದಲ್ಲಿ ಬೆರೆಸಲಾಗುತ್ತದೆ. ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಈ ಹೆಸರುಗಳು ಅಪರಿಚಿತವಲ್ಲ. ಎಲೆಚುಕ್ಕೆ ರೋಗದ ಹತೋಟಿಗೆ ಸಿಂಪಡಿಸುವ ಔಷಧಗಳಲ್ಲಿ ಇವೂ ಸೇರಿವೆ.

ಮೇಲ್ನೋಟಕ್ಕೆ ಇದು ಒಂದು ರಾಸಾಯನಿಕದ ಬದಲಿಗೆ ಇನ್ನೊಂದನ್ನು ಬಳಸಿದಂತೆ ಮಾತ್ರ. ಆದರೆ ಅಳತೆಯ ದೃಷ್ಟಿಯಿಂದ ನೋಡಿದರೆ ಇಡೀ ಲೆಕ್ಕಪದ್ಧತಿಯೇ ಬದಲಾದಂತಾಯಿತು.

ದೊಡ್ಡ ಬಾಬತ್ತು, ಸಣ್ಣ ಬಾಬತ್ತು

ಅಮೆರಿಕದ ಮರ ಸಂರಕ್ಷಣಾ ಮಾನಕದಲ್ಲಿ ‘ಸಿಎ-ಸಿ’ ಎಂದು ಗುರುತಿಸಲಾದ ಕಾಪರ್ ಅಜೋಲ್ ಮಿಶ್ರಣವನ್ನು ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಅದರ ಕ್ರಿಯಾಶೀಲ ಅಂಶಗಳಲ್ಲಿ ಶೇಕಡ 96.1 ಭಾಗ ತಾಮ್ರ. ಉಳಿದ ಶೇಕಡ 3.9ರಲ್ಲಿ ಟೆಬುಕೊನಜೋಲ್ ಮತ್ತು ಪ್ರೊಪಿಕೊನಜೋಲ್ ತಲಾ ಅರ್ಧದಷ್ಟಿರುತ್ತವೆ. ನೆಲಕ್ಕೆ ತಾಗುವ ಸಾಮಾನ್ಯ ಬಳಕೆಯ ಮರದಲ್ಲಿ ಈ ಮಿಶ್ರಣವು ಪ್ರತಿ ಘನ ಮೀಟರಿಗೆ 2.4 ಕಿಲೋಗ್ರಾಂ ಉಳಿದಿರಬೇಕೆಂಬುದು ಅಲ್ಲಿನ ನಿಯಮ. ಇದನ್ನು ‘ಧಾರಣ ಪ್ರಮಾಣ’ ಎಂದು ಕರೆಯಬಹುದು.

ಲೆಕ್ಕ ಹಾಕಿದರೆ, ಒಂದು ಘನ ಮೀಟರ್ ಮರದಲ್ಲಿ ತಾಮ್ರ ಸುಮಾರು 2,306 ಗ್ರಾಂ ಇರಬೇಕು. ಎರಡೂ ಅಜೋಲ್‌ಗಳು ಸೇರಿ ಕೇವಲ 93.6 ಗ್ರಾಂ, ಅಂದರೆ ತಲಾ 46.8 ಗ್ರಾಂ. ಒಣಮರದ ಸಾಂದ್ರತೆ ಘನ ಮೀಟರಿಗೆ 500 ಕಿಲೋಗ್ರಾಂ ಎಂದು ಇಟ್ಟುಕೊಂಡರೆ, ಒಂದು ಕಿಲೋಗ್ರಾಂ ಮರದಲ್ಲಿ ತಾಮ್ರ 4.6 ಗ್ರಾಂ, ಅಜೋಲ್‌ಗಳು ಎರಡೂ ಕೂಡಿ 0.187 ಗ್ರಾಂ. ತಾಮ್ರಕ್ಕೂ ಅಜೋಲ್‌ಗೂ ಇರುವ ಅನುಪಾತ ಸುಮಾರು 25ಕ್ಕೆ 1.

ಇಷ್ಟು ಸಣ್ಣ ಬಾಬತ್ತನ್ನು ಅಲಕ್ಷಿಸಿದರೆ ಏನಾದೀತು ಎಂಬ ಪ್ರಶ್ನೆ ಸಹಜ. ಮರವನ್ನು ಕೊಳೆಸುವ ಶಿಲೀಂಧ್ರಗಳಲ್ಲಿ ಕೆಲವು ತಾಮ್ರವನ್ನು ಜೀರ್ಣಿಸಿಕೊಳ್ಳಬಲ್ಲವು. ಅವು ಸ್ರವಿಸುವ ಆಕ್ಸಾಲಿಕ್ ಆಮ್ಲವು ತಾಮ್ರದೊಡನೆ ಸೇರಿ ನೀರಿನಲ್ಲಿ ಕರಗದ ಕಾಪರ್ ಆಕ್ಸಲೇಟ್ ಆಗುತ್ತದೆ. ಹೀಗೆ ತಾಮ್ರ ಮರದಲ್ಲೇ ಇದ್ದೂ ನಿಷ್ಕ್ರಿಯವಾಗುತ್ತದೆ. ಇಂತಹ ತಾಮ್ರಸಹಿಷ್ಣು ಶಿಲೀಂಧ್ರಗಳನ್ನು ತಡೆಯುವ ಸಲುವಾಗಿಯೇ ಅಜೋಲ್‌ಗಳನ್ನು ಸೇರಿಸಿರುವುದು. ಜಮಾಖರ್ಚಿನಲ್ಲಿ ನೂರಕ್ಕೆ ನಾಲ್ಕರಷ್ಟೂ ಇಲ್ಲದ ಈ ಬಾಬತ್ತು ತಪ್ಪಿಹೋದರೆ ಉಳಿದ ತೊಂಬತ್ತಾರರ ಮೇಲಿನ ವೆಚ್ಚವೂ ಕೆಲವೆಡೆ ನಿಷ್ಫಲವಾಗಬಹುದು.

ತಾಮ್ರಮಾಪಕ ಕಾಣದ ಭಾಗ

ಸಂಸ್ಕರಣಾ ಘಟಕಗಳಲ್ಲಿ ದೈನಂದಿನ ಪರೀಕ್ಷೆಗೆ ಕ್ಷಕಿರಣ ಪ್ರತಿದೀಪ್ತಿ ಉಪಕರಣವನ್ನು, ಅಂದರೆ ಎಕ್ಸ್‌ಆರ್‌ಎಫ್ ಯಂತ್ರವನ್ನು ಬಳಸುವುದು ರೂಢಿ. ಮರದ ಪುಡಿಯನ್ನು ಒತ್ತಿ ಬಟ್ಟಲಿನಲ್ಲಿಟ್ಟರೆ ಕೆಲವೇ ನಿಮಿಷಗಳಲ್ಲಿ ಅದು ತಾಮ್ರ, ಕ್ರೋಮಿಯಂ, ಆರ್ಸೆನಿಕ್‌ಗಳ ಪ್ರಮಾಣವನ್ನು ತಿಳಿಸುತ್ತದೆ. ಸಿಸಿಎ ಕಾಲದಲ್ಲಿ ಈ ಯಂತ್ರವೊಂದೇ ಸಾಕಾಗಿತ್ತು. ಏಕೆಂದರೆ ಆ ಮಿಶ್ರಣದ ಮೂರೂ ಘಟಕಗಳು ಯಂತ್ರದ ಕಣ್ಣಿಗೆ ಬೀಳುವಂತಹವು.

ಅಜೋಲ್‌ಗಳ ವಿಷಯ ಬೇರೆ. ಅವು ಬಹುಮಟ್ಟಿಗೆ ಇಂಗಾಲ, ಜಲಜನಕ, ಸಾರಜನಕ ಮತ್ತು ಆಮ್ಲಜನಕಗಳಿಂದಾದ ಅಣುಗಳು. ಮರವೂ ಇದೇ ಧಾತುಗಳಿಂದ ಆಗಿರುವುದರಿಂದ ಧಾತುವನ್ನು ಮಾತ್ರ ಗುರುತಿಸುವ ಯಂತ್ರಕ್ಕೆ ಮರ ಯಾವುದು, ಔಷಧ ಯಾವುದು ಎಂಬ ಭೇದ ತಿಳಿಯದು. ಅಜೋಲ್ ಅಣುವಿನಲ್ಲಿ ಒಂದೆರಡು ಕ್ಲೋರಿನ್ ಪರಮಾಣುಗಳಿದ್ದರೂ ಅವುಗಳ ಒಟ್ಟು ಪ್ರಮಾಣ ಅತ್ಯಲ್ಪ. ಆದ್ದರಿಂದ ತಾಮ್ರದ ಪ್ರಮಾಣವನ್ನು ಮಾತ್ರ ಅಳೆದು, 25ಕ್ಕೆ 1ರ ಅನುಪಾತದಲ್ಲಿ ಅಜೋಲ್ ಇದ್ದೇ ಇರುತ್ತದೆಂದು ಭಾವಿಸಿ ವರದಿ ಬರೆದರೆ, ಅದು ನಗದು ಎಣಿಸದೆ ನಗದು ಪುಸ್ತಕದ ಶಿಲ್ಕನ್ನೇ ಒಪ್ಪಿಕೊಂಡ ಲೆಕ್ಕಪರಿಶೋಧನೆಯಂತಾಗುತ್ತದೆ. ದ್ರಾವಣವನ್ನು ಮತ್ತೆ ಮತ್ತೆ ಬಳಸಿದಾಗ ಮರವು ಎಲ್ಲ ಘಟಕಗಳನ್ನೂ ಸಮನಾಗಿ ಹೀರಿಕೊಳ್ಳದೆ ಅನುಪಾತ ಕ್ರಮೇಣ ಜಾರುವ ಸಂಭವವಿದೆ. ಅಣುವನ್ನೇ ಗುರುತಿಸಿ ಎಣಿಸುವ ವಿಧಾನ ಬೇಕಾಗುವುದು ಇಲ್ಲಿಯೇ.

ಕ್ರೊಮ್ಯಾಟೋಗ್ರಫಿ ಎಂದರೇನು?

ರಷ್ಯಾದ ಸಸ್ಯವಿಜ್ಞಾನಿ ಮಿಖಾಯಿಲ್ ತ್ಸ್ವೆಟ್ ಅವರು 20ನೇ ಶತಮಾನದ ಆರಂಭದಲ್ಲಿ ಗಾಜಿನ ಕೊಳವೆಯಲ್ಲಿ ಸುಣ್ಣದ ಪುಡಿಯನ್ನು ತುಂಬಿ, ಎಲೆಯ ರಸವನ್ನು ಅದರ ಮೂಲಕ ಇಳಿಯಬಿಟ್ಟರು. ಹಸಿರು ಮತ್ತು ಹಳದಿ ವರ್ಣದ್ರವ್ಯಗಳು ಬೇರೆ ಬೇರೆ ಪಟ್ಟಿಗಳಾಗಿ ಬೇರ್ಪಟ್ಟವು. ಕ್ರೊಮ್ಯಾಟೋಗ್ರಫಿ ಎಂಬ ಹೆಸರು ಬಂದದ್ದು ಅಲ್ಲಿಂದ. ಇದೇ ತತ್ತ್ವದ ಮುಂದುವರಿದ ರೂಪವನ್ನು ಕಂಡುಹಿಡಿದ ಮಾರ್ಟಿನ್ ಮತ್ತು ಸಿಂಜ್ ಅವರಿಗೆ 1952ರಲ್ಲಿ ನೊಬೆಲ್ ಪ್ರಶಸ್ತಿ ದೊರೆಯಿತು. ಅಧಿಕ ಒತ್ತಡದ ಪಂಪಿನಿಂದ ದ್ರವವನ್ನು ತಳ್ಳುವ ಇಂದಿನ ಎಚ್‌ಪಿಎಲ್‌ಸಿ ಯಂತ್ರಗಳು 1960ರ ದಶಕದ ನಂತರ ರೂಪುಗೊಂಡವು.

ತತ್ತ್ವ ಸರಳ. ಪೇಟೆಬೀದಿಯ ಒಂದು ತುದಿಯಿಂದ ನೂರು ಜನ ಒಟ್ಟಿಗೆ ಹೊರಟರೆಂದು ಭಾವಿಸಬಹುದು. ಯಾವ ಅಂಗಡಿಯೊಡನೆಯೂ ವ್ಯವಹಾರವಿಲ್ಲದವರು ನೇರವಾಗಿ ನಡೆದು ಮೊದಲು ಹೊರಬರುತ್ತಾರೆ. ಪ್ರತಿ ಅಂಗಡಿಯಲ್ಲೂ ಪರಿಚಯವಿರುವವರು ನಿಂತು ಮಾತನಾಡಿ ಕೊನೆಗೆ ಬರುತ್ತಾರೆ. ಒಂದೇ ಬಗೆಯ ಸಂಬಂಧವಿರುವವರೆಲ್ಲರೂ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಹೊರಬರುತ್ತಾರೆ. ಯಂತ್ರದಲ್ಲಿ ಪೇಟೆಬೀದಿಯ ಸ್ಥಾನದಲ್ಲಿರುವುದು ಅತಿ ಸಣ್ಣ ಸಿಲಿಕಾ ಕಣಗಳನ್ನು ತುಂಬಿದ ಉಕ್ಕಿನ ಕೊಳವೆ. ಇದನ್ನು ಕಾಲಂ ಎನ್ನುತ್ತಾರೆ. ಕಣಗಳ ಮೇಲೆ 18 ಇಂಗಾಲಗಳ ಎಣ್ಣೆಯಂತಹ ಸರಪಣಿಯನ್ನು ಲೇಪಿಸಿರುವುದರಿಂದ ಇದು ‘ಸಿ-18 ಕಾಲಂ’ ಎಂದು ಪ್ರಸಿದ್ಧ. ನೀರು ಮತ್ತು ಅಸಿಟೋನೈಟ್ರೈಲ್ ಅಥವಾ ಮೆಥನಾಲ್ ಮಿಶ್ರಣವು ಅದರ ಮೂಲಕ ನಿರಂತರವಾಗಿ ಹರಿಯುತ್ತಿರುತ್ತದೆ. ಮಾದರಿಯಲ್ಲಿನ ಪ್ರತಿಯೊಂದು ವಸ್ತುವೂ ತನ್ನ ಸ್ವಭಾವಕ್ಕೆ ತಕ್ಕ ನಿಶ್ಚಿತ ಸಮಯದಲ್ಲಿ ಕಾಲಂನಿಂದ ಹೊರಬರುತ್ತದೆ. ಹೊರದಾರಿಯಲ್ಲಿ ಅತಿನೇರಳೆ ಕಿರಣದ ಶೋಧಕವು ಕಾವಲಿರುತ್ತದೆ. ವಸ್ತು ಹಾದುಹೋದಾಗ ಕಿರಣದ ಒಂದು ಭಾಗ ಹೀರಲ್ಪಟ್ಟು, ಗಣಕದ ತೆರೆಯ ಮೇಲೆ ಶಿಖರವೊಂದು ಮೂಡುತ್ತದೆ. ಶಿಖರ ಮೂಡಿದ ಸಮಯವು ವಸ್ತು ಯಾವುದೆಂಬುದನ್ನೂ, ಶಿಖರದ ವಿಸ್ತೀರ್ಣವು ಅದು ಎಷ್ಟಿದೆ ಎಂಬುದನ್ನೂ ಸೂಚಿಸುತ್ತದೆ.

ಪ್ರಯೋಗಾಲಯದಲ್ಲಿ ನಡೆಯುವ ಕ್ರಮ

ಒಂದು ಬಾರಿಗೆ ಒತ್ತಡದ ಸಿಲಿಂಡರಿನಲ್ಲಿ ಸಂಸ್ಕರಿಸಿದ ಮರದ ರಾಶಿಯನ್ನು ಘಟಕಗಳಲ್ಲಿ ‘ಚಾರ್ಜ್’ ಎನ್ನುತ್ತಾರೆ. ಅಮೆರಿಕದ ಪದ್ಧತಿಯಲ್ಲಿ ಒಂದು ಚಾರ್ಜಿನಿಂದ ಸಾಮಾನ್ಯವಾಗಿ 20 ತುಂಡುಗಳನ್ನು ಆರಿಸಿ, ಟೊಳ್ಳು ಬೈರಿಗೆಯಿಂದ ಪ್ರತಿಯೊಂದರಿಂದಲೂ ಒಂದು ಮರದ ಕಡ್ಡಿಯನ್ನು ತೆಗೆಯಲಾಗುತ್ತದೆ. ಪೈನ್ ಹಲಗೆಗಳಲ್ಲಿ ಹೊರಮೈಯಿಂದ ಸುಮಾರು 15 ಮಿಲಿಮೀಟರ್ ಆಳದವರೆಗಿನ ಭಾಗವನ್ನು ಮಾತ್ರ ಕತ್ತರಿಸಿಕೊಂಡು, ಇಪ್ಪತ್ತನ್ನೂ ಒಟ್ಟುಗೂಡಿಸಿ, ಒಣಗಿಸಿ, ನುಣ್ಣಗೆ ಪುಡಿ ಮಾಡಲಾಗುತ್ತದೆ. ಈ ಪುಡಿಯ ನಿಶ್ಚಿತ ತೂಕವನ್ನು ಮೆಥನಾಲ್‌ನಲ್ಲಿ ನೆನೆಯಿಟ್ಟು ಶ್ರವಣಾತೀತ ತರಂಗಗಳ ತೊಟ್ಟಿಯಲ್ಲಿ ಅಲುಗಿಸಿದಾಗ ಅಜೋಲ್‌ಗಳು ಮರವನ್ನು ಬಿಟ್ಟು ದ್ರವಕ್ಕೆ ಇಳಿಯುತ್ತವೆ. ದ್ರವವನ್ನು ಸೂಕ್ಷ್ಮ ಶೋಧಕದಲ್ಲಿ ಸೋಸಿ ಅದರ ಅತ್ಯಲ್ಪ ಭಾಗವನ್ನು ಯಂತ್ರಕ್ಕೆ ಚುಚ್ಚಲಾಗುತ್ತದೆ.

ಇದಕ್ಕೆ ಮೊದಲು, ಪ್ರಮಾಣ ತಿಳಿದಿರುವ ಶುದ್ಧ ಟೆಬುಕೊನಜೋಲ್ ಮತ್ತು ಪ್ರೊಪಿಕೊನಜೋಲ್ ದ್ರಾವಣಗಳನ್ನು ನಾಲ್ಕೈದು ಬೇರೆ ಬೇರೆ ಸಾಂದ್ರತೆಗಳಲ್ಲಿ ಯಂತ್ರಕ್ಕೆ ಕೊಟ್ಟು ಶಿಖರದ ವಿಸ್ತೀರ್ಣವನ್ನು ಗುರುತಿಸಿಕೊಳ್ಳಬೇಕು. ಈ ರೇಖೆಯೇ ತಕ್ಕಡಿಯ ಬೊಟ್ಟು. ತಕ್ಕಡಿಗೆ ಮುದ್ರೆ ಇಲ್ಲದಿದ್ದರೆ ತೂಕಕ್ಕೆ ಬೆಲೆಯಿಲ್ಲದಂತೆ, ಈ ರೇಖೆಯ ದಾಖಲೆಯಿಲ್ಲದ ವರದಿಗೂ ಬೆಲೆಯಿಲ್ಲ.

ಒಂದೇ ಸಂಖ್ಯೆ, ಮೂರು ತೀರ್ಪು

ವಿಧಾನ ಎಷ್ಟೇ ನಿಖರವಾಗಿದ್ದರೂ ಲೆಕ್ಕದ ಹಾದಿಯಲ್ಲಿ ತಪ್ಪು ನುಸುಳಲು ಅವಕಾಶವಿದೆ. ಕೇವಲ ವಿವರಣೆಗಾಗಿ ಕಲ್ಪಿಸಿಕೊಂಡ ಈ ಲೆಕ್ಕವನ್ನು ಓದುಗರು ಗಮನಿಸಬೇಕು.

1 ಗ್ರಾಂ ಮರದ ಪುಡಿಯನ್ನು 20 ಮಿಲಿಲೀಟರ್ ಮೆಥನಾಲ್‌ನಲ್ಲಿ ನೆನೆಸಲಾಗಿದೆ. ಯಂತ್ರವು ದ್ರವದಲ್ಲಿ ಟೆಬುಕೊನಜೋಲ್ ಪ್ರತಿ ಮಿಲಿಲೀಟರಿಗೆ 4.2 ಮೈಕ್ರೋಗ್ರಾಂ ಇದೆಯೆಂದು ತೋರಿಸುತ್ತದೆ. 20ರಿಂದ ಗುಣಿಸಿದರೆ 84 ಮೈಕ್ರೋಗ್ರಾಂ. ಅಂದರೆ ಒಂದು ಕಿಲೋಗ್ರಾಂ ಮರದಲ್ಲಿ 84 ಮಿಲಿಗ್ರಾಂ. ಮರದ ಸಾಂದ್ರತೆ 500 ಎಂದಾದರೆ ಒಂದು ಘನ ಮೀಟರಿನಲ್ಲಿ 42 ಗ್ರಾಂ. ಇರಬೇಕಾದದ್ದು 46.8 ಗ್ರಾಂ. ಮೊದಲ ತೀರ್ಪು: ಶೇಕಡ 10ರಷ್ಟು ಕೊರತೆ, ಸರಕು ತಿರಸ್ಕೃತ.

ಈಗ ಪ್ರಯೋಗಾಲಯದವರು ಇನ್ನೊಂದು ಪರೀಕ್ಷೆ ನಡೆಸುತ್ತಾರೆ. ಸಂಸ್ಕರಿಸದ ಮರದ ಪುಡಿಗೆ ತಿಳಿದ ಪ್ರಮಾಣದ ಟೆಬುಕೊನಜೋಲನ್ನು ಸೇರಿಸಿ ಅದೇ ಕ್ರಮದಲ್ಲಿ ಹೊರತೆಗೆದಾಗ 100ಕ್ಕೆ 90 ಭಾಗ ಮಾತ್ರ ಮರಳಿ ಬಂದಿದೆ. ಉಳಿದ 10 ಭಾಗ ಮರದಲ್ಲೇ ಉಳಿದಿದೆ. ಇದಕ್ಕೆ ‘ಮರುಪ್ರಾಪ್ತಿ ಪ್ರಮಾಣ’ ಎಂದು ಹೆಸರು. ಈ ತಿದ್ದುಪಡಿ ಮಾಡಿದರೆ 42 ಗ್ರಾಂ 46.7 ಗ್ರಾಂ ಆಗುತ್ತದೆ. ಎರಡನೆಯ ತೀರ್ಪು: ಸರಕು ಮಾನಕಕ್ಕೆ ಸರಿಸಮ.

ಅಷ್ಟರಲ್ಲಿ ಕೊಳ್ಳುವವನು ಮರದ ಸಾಂದ್ರತೆ 500 ಅಲ್ಲ, 450 ಎಂದು ಆಕ್ಷೇಪಿಸುತ್ತಾನೆ. ತೂಗಿ ನೋಡಿದಾಗ ಅವನ ಮಾತು ನಿಜವೆಂದು ತಿಳಿಯುತ್ತದೆ. ಕಿಲೋಗ್ರಾಂಗೆ 93.3 ಮಿಲಿಗ್ರಾಂ ಎಂಬುದನ್ನು 450ರಿಂದ ಗುಣಿಸಿದರೆ ಮತ್ತೆ 42 ಗ್ರಾಂ. ಮೂರನೆಯ ತೀರ್ಪು: ಸರಕು ತಿರಸ್ಕೃತ.

ಯಂತ್ರ ಕೊಟ್ಟ ಸಂಖ್ಯೆ ಮೂರು ಬಾರಿಯೂ 4.2 ಮಾತ್ರ. ಬದಲಾದದ್ದು ಅದರ ಸುತ್ತಲಿನ ಗ್ರಹಿಕೆಗಳು. ಒಂದು ಲಾರಿ ಸರಕಿನ ಹಣೆಬರಹವನ್ನು ನಿರ್ಧರಿಸಿದ್ದು ಯಂತ್ರವಲ್ಲ, ಕರಾರುಪತ್ರದಲ್ಲಿ ಬರೆದಿರಬೇಕಾಗಿದ್ದ ಎರಡು ಸಾಲುಗಳು. ಸಾಂದ್ರತೆಯನ್ನು ಮಾನಕದ ಪಟ್ಟಿಯಿಂದ ತೆಗೆದುಕೊಳ್ಳಬೇಕೇ, ತೂಗಿ ನಿರ್ಧರಿಸಬೇಕೇ? ಮರುಪ್ರಾಪ್ತಿಯ ತಿದ್ದುಪಡಿ ಅನ್ವಯವಾಗುತ್ತದೆಯೇ, ಇಲ್ಲವೇ? ಈ ಎರಡು ಪ್ರಶ್ನೆಗಳಿಗೆ ಸರಕು ಕಳುಹಿಸುವ ಮೊದಲೇ ಲಿಖಿತ ಉತ್ತರವಿರಬೇಕು.

ಇನ್ನೂ ಕೆಲವು ಎಚ್ಚರಿಕೆಗಳಿವೆ. ಮರದ ಸಹಜ ರಾಳ ಮತ್ತು ಬಣ್ಣದ ವಸ್ತುಗಳೂ ಮೆಥನಾಲ್‌ನಲ್ಲಿ ಕರಗಿ, ಅಜೋಲ್ ಶಿಖರದ ಹತ್ತಿರದಲ್ಲೇ ಶಿಖರ ತೋರಬಲ್ಲವು. ಇದನ್ನು ಪತ್ತೆಹಚ್ಚಲು ಅದೇ ಜಾತಿಯ ಸಂಸ್ಕರಿಸದ ಮರದ ಮಾದರಿಯೊಂದನ್ನು ಪ್ರಯೋಗಾಲಯಕ್ಕೆ ಕಳುಹಿಸುವುದು ಒಳಿತು. ಚೇಗಿನೊಳಗೆ ದ್ರಾವಣ ಅಷ್ಟಾಗಿ ಇಳಿಯದಿರುವುದರಿಂದ, ಕಡ್ಡಿಯನ್ನು ಚೇಗಿನ ಭಾಗದಿಂದ ತೆಗೆದರೆ ಫಲಿತಾಂಶ ತಪ್ಪುದಾರಿಗೆ ಎಳೆಯುತ್ತದೆ. ಅಮೆರಿಕದ ದಾಖಲೆಗಳಲ್ಲಿ ಧಾರಣ ಪ್ರಮಾಣವನ್ನು ಘನ ಅಡಿಗೆ ಪೌಂಡ್ ಲೆಕ್ಕದಲ್ಲಿ ಬರೆಯುವುದರಿಂದ, ಅದನ್ನು 16.02ರಿಂದ ಗುಣಿಸಿ ಘನ ಮೀಟರಿಗೆ ಕಿಲೋಗ್ರಾಂ ಆಗಿ ಪರಿವರ್ತಿಸಿಕೊಳ್ಳಬೇಕು. 0.15 ಪೌಂಡ್ ಎಂದರೆ ಮೇಲೆ ಹೇಳಿದ 2.4 ಕಿಲೋಗ್ರಾಂ.

ತೊಟ್ಟಿಯ ಲೆಕ್ಕ ಮತ್ತು ಮರದ ಲೆಕ್ಕ

ಪ್ರತಿಯೊಂದು ಚಾರ್ಜಿಗೂ ದ್ರವ ಕ್ರೊಮ್ಯಾಟೋಗ್ರಫಿ ಪರೀಕ್ಷೆ ಮಾಡಿಸುವುದು ಸಣ್ಣ ಘಟಕಗಳಿಗೆ ಭಾರವಾದೀತು, ಅದರ ಅಗತ್ಯವೂ ಇಲ್ಲ. ಘಟಕದ ದಿನವಹಿ ಪುಸ್ತಕವೇ ಮೊದಲ ಹಂತದ ಪರಿಶೀಲನೆಯಾಗಬಲ್ಲದು. ಉದಾಹರಣೆಗೆ, 10 ಘನ ಮೀಟರ್ ಮರವನ್ನು ಸಂಸ್ಕರಿಸಿದಾಗ ತೊಟ್ಟಿಯ ದ್ರಾವಣ 4,000 ಲೀಟರ್ ಇಳಿದಿದೆ, ದ್ರಾವಣದ ಸಾಂದ್ರತೆ ಶೇಕಡ 0.6 ಎಂದಿಟ್ಟುಕೊಳ್ಳಬಹುದು. ಹಾಗಾದರೆ ಮರ ಸೇರಿದ ರಾಸಾಯನಿಕ ಸುಮಾರು 24 ಕಿಲೋಗ್ರಾಂ, ಘನ ಮೀಟರಿಗೆ 2.4 ಕಿಲೋಗ್ರಾಂ. ಇದು ತೊಟ್ಟಿಯ ಲೆಕ್ಕ. ಪ್ರಯೋಗಾಲಯ ಕೊಡುವುದು ಮರದ ಲೆಕ್ಕ.

ಬ್ಯಾಂಕಿನ ಪಾಸ್ ಪುಸ್ತಕವನ್ನೂ ಅಂಗಡಿಯ ನಗದು ಪುಸ್ತಕವನ್ನೂ ತಿಂಗಳಿಗೊಮ್ಮೆ ತಾಳೆ ನೋಡುವಂತೆ ಈ ಎರಡು ಲೆಕ್ಕಗಳನ್ನೂ ತಾಳೆ ನೋಡಬೇಕು. ಎರಡೂ ಒಂದೇ ಆಗಿರಬೇಕೆಂದಿಲ್ಲ. ತೊಟ್ಟಿಯ ಲೆಕ್ಕ ಇಡೀ ಮರದ ಸರಾಸರಿಯಾದರೆ ಪ್ರಯೋಗಾಲಯದ್ದು ಹೊರಪದರದ ಪ್ರಮಾಣ. ಹಾಗಾಗಿ ಎರಡನೆಯದು ಸಾಮಾನ್ಯವಾಗಿ ಹೆಚ್ಚಿರುತ್ತದೆ. ಅದು ಕಡಿಮೆ ಬಂದರೆ ಮಾತ್ರ ಕಾರಣ ಹುಡುಕಬೇಕು. ದ್ರಾವಣ ಸೋರಿರಬಹುದು, ತೊಟ್ಟಿಯಲ್ಲಿ ಅಂಶ ತಳ ಕಂಡಿರಬಹುದು, ಮರ ಸಾಕಷ್ಟು ಒಣಗಿರದೆ ಒಳಗಿನ ನೀರೇ ದ್ರಾವಣಕ್ಕೆ ಅಡ್ಡಿಯಾಗಿರಬಹುದು. ತಾಮ್ರವನ್ನು ಪ್ರತಿ ಚಾರ್ಜಿಗೂ, ಅಜೋಲನ್ನು ನಿಯತ ಅವಧಿಗೊಮ್ಮೆ ಹಾಗೂ ಹೊಸ ರಾಸಾಯನಿಕದ ಸರಕು ಬಂದಾಗಲೆಲ್ಲ ಪರೀಕ್ಷಿಸುವುದು ವೆಚ್ಚ ಮತ್ತು ಭದ್ರತೆಗಳ ನಡುವಣ ಸಮತೋಲನದ ಕ್ರಮವೆನ್ನಬಹುದು. ಕೊರತೆಯಷ್ಟೇ ಅಲ್ಲದೆ ಅತಿಯಾದ ಧಾರಣವೂ ಇಲ್ಲಿ ಬಯಲಾಗುತ್ತದೆ. ಭಯದಿಂದ ಶೇಕಡ 20ರಷ್ಟು ಹೆಚ್ಚು ರಾಸಾಯನಿಕವನ್ನು ಮರಕ್ಕೆ ಕುಡಿಸುವ ಘಟಕವು ತನ್ನ ಲಾಭಾಂಶವನ್ನೇ ಮರಕ್ಕೆ ಕುಡಿಸಿದಂತೆ.

ನಮ್ಮ ಉದ್ಯಮಿಗಳಿಗೆ ಇದರ ಪ್ರಸ್ತುತತೆ

ಎಲ್ಲ ಸಂರಕ್ಷಕಗಳಿಗೂ ಈ ಯಂತ್ರ ಬೇಕಿಲ್ಲ ಎಂಬುದನ್ನು ಮೊದಲು ತಿಳಿಯಬೇಕು. ತಾಮ್ರ, ಕ್ರೋಮಿಯಂ, ಆರ್ಸೆನಿಕ್, ಸತು, ಬೋರಾನ್ ಮುಂತಾದವುಗಳ ನಿರ್ಧರಣೆಗೆ ಭಾರತೀಯ ಮಾನಕ ಐಎಸ್ 2753ರಲ್ಲಿ ವಿಧಾನಗಳಿವೆ. ಮರ ಸಂರಕ್ಷಣೆಯ ಸಾಮಾನ್ಯ ಸಂಹಿತೆ ಐಎಸ್ 401. ರಬ್ಬರ್ ಮರಕ್ಕೆ ಬಳಸುವ ಬೋರಾಕ್ಸ್–ಬೋರಿಕ್ ಆಮ್ಲ ಎಷ್ಟು ಆಳ ಇಳಿದಿದೆಯೆಂದು ನೋಡಲು ಅರಿಶಿನದ ಸಾರವೇ ಸಾಕು. ಆಮ್ಲದೊಡನೆ ಸೇರಿಸಿ ಹಚ್ಚಿದಾಗ ಬೋರಾನ್ ಇರುವಲ್ಲಿ ಹಳದಿ ಬಣ್ಣ ಕೆಂಪಾಗುತ್ತದೆ. ಆದರೆ ಇದು ಇದೆ–ಇಲ್ಲ ಎಂಬುದನ್ನು ತಿಳಿಸುವ ಪರೀಕ್ಷೆ, ಎಷ್ಟಿದೆ ಎಂದು ಹೇಳುವಂತಹದಲ್ಲ.

ಸಾವಯವ ರಾಸಾಯನಿಕಗಳ ವಿಷಯದಲ್ಲಿ ಮಾತ್ರ ಕ್ರೊಮ್ಯಾಟೋಗ್ರಫಿ ಅನಿವಾರ್ಯ. ಇದರಲ್ಲಿ ಎರಡು ಬಗೆಯ ಪ್ರಶ್ನೆಗಳಿವೆ. ಒಂದು, ಇರಬೇಕಾದದ್ದು ಸಾಕಷ್ಟು ಇದೆಯೇ? ಇನ್ನೊಂದು, ಇರಬಾರದ್ದು ಇಲ್ಲವೇ?

ಎರಡನೆಯ ಪ್ರಶ್ನೆ ರಫ್ತುದಾರರಿಗೆ ಹೆಚ್ಚು ಮುಖ್ಯ. ಒಂದು ಕಾಲದಲ್ಲಿ ಮರಕ್ಕೂ ಚರ್ಮಕ್ಕೂ ಧಾರಾಳವಾಗಿ ಬಳಸುತ್ತಿದ್ದ ಪೆಂಟಾಕ್ಲೋರೋಫೀನಾಲ್ ಎಂಬ ರಾಸಾಯನಿಕವನ್ನು ಜರ್ಮನಿ 1989ರಲ್ಲಿ ನಿಷೇಧಿಸಿ, ಸಂಸ್ಕರಿಸಿದ ವಸ್ತುಗಳಲ್ಲಿ ಕಿಲೋಗ್ರಾಂಗೆ 5 ಮಿಲಿಗ್ರಾಂ ಮಿತಿಯನ್ನು ವಿಧಿಸಿತು. ಭಾರತದ ಚರ್ಮೋದ್ಯಮ ಆಗ ಎದುರಿಸಿದ ಸಂಕಟ ಹಳೆಯ ರಫ್ತುದಾರರಿಗೆ ನೆನಪಿರಬಹುದು. ಭಾರತದಲ್ಲೂ ಅದು ನಿಷೇಧಿತ ಕೀಟನಾಶಕಗಳ ಪಟ್ಟಿಯಲ್ಲಿದೆ. 2015ರಲ್ಲಿ ಅದನ್ನು ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನಾ ಪಟ್ಟಿಗೆ ಸೇರಿಸಲಾಯಿತು. ಅಮೆರಿಕವು 2022ರಲ್ಲಿ ಅದರ ಬಳಕೆಯನ್ನು ಹಂತಹಂತವಾಗಿ ನಿಲ್ಲಿಸುವ ಅಂತಿಮ ತೀರ್ಮಾನ ಕೈಗೊಂಡಿತು. ಪ್ಲೈವುಡ್ ಉದ್ಯಮದಲ್ಲಿ ಅಂಟಿನೊಡನೆ ಕೀಟನಾಶಕ ಬೆರೆಸುವ ‘ಗ್ಲೂ ಲೈನ್’ ಸಂಸ್ಕರಣೆಗೆ ಬಳಕೆಯಾಗುತ್ತ ಬಂದ ಕ್ಲೋರ್‌ಪೈರಿಫಾಸ್ ಅನ್ನು 2025ರಲ್ಲಿ ಕೆಲವು ನಿರ್ದಿಷ್ಟ ವಿನಾಯಿತಿಗಳೊಂದಿಗೆ ಅದೇ ಒಪ್ಪಂದದ ಪಟ್ಟಿಗೆ ಸೇರಿಸಲಾಗಿದೆ. ಯುರೋಪಿನ ಆಟಿಕೆ ಮಾನಕ ಇಎನ್ 71ರ 9ನೆಯ ಭಾಗವು ಮರದ ಆಟಿಕೆಗಳಲ್ಲಿನ ಸಂರಕ್ಷಕ ರಾಸಾಯನಿಕಗಳನ್ನೂ ಒಳಗೊಂಡಿದೆ. ಚನ್ನಪಟ್ಟಣದ ಕುಶಲಕರ್ಮಿ ತನ್ನ ಹಾಲೆಮರಕ್ಕೆ ಏನನ್ನೂ ಹಚ್ಚದಿರಬಹುದು. ಆದರೆ ಮರ ಪೂರೈಸಿದವನು ಗೋದಾಮಿನಲ್ಲಿ ಹುಳ ಬೀಳದಿರಲೆಂದು ಏನನ್ನಾದರೂ ಸಿಂಪಡಿಸಿದ್ದರೆ ಅದರ ಹೊಣೆ ಕೊನೆಗೆ ರಫ್ತುದಾರನ ತಲೆಗೇ ಬರುತ್ತದೆ.

ಮಾರ್ಗದರ್ಶನಕ್ಕೆ ದೂರ ಹೋಗಬೇಕಾಗಿಲ್ಲ. 1938ರಲ್ಲಿ ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಆರಂಭಗೊಂಡು 1988ರಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಾದ ಸಂಸ್ಥೆ ಬೆಂಗಳೂರಿನ ಮಲ್ಲೇಶ್ವರದಲ್ಲಿಯೇ ಇದೆ.

ವರದಿಯನ್ನು ಓದುವಾಗ ಗಮನಿಸಬೇಕಾದ ಅಂಶಗಳು

1. ಪ್ರಯೋಗಾಲಯಕ್ಕೆ ಐಎಸ್‌ಒ/ಐಇಸಿ 17025 ಮಾನಕದ ಪ್ರಕಾರ ಎನ್‌ಎಬಿಎಲ್ ಮಾನ್ಯತೆ ಇದೆಯೇ ಎಂಬುದರ ಜೊತೆಗೆ, ಆ ಮಾನ್ಯತೆಯ ವ್ಯಾಪ್ತಿಯಲ್ಲಿ ಇದೇ ರಾಸಾಯನಿಕ ಮತ್ತು ಇದೇ ವಿಧಾನ ಸೇರಿವೆಯೇ ಎಂಬುದನ್ನೂ ನೋಡಬೇಕು. ನೀರಿನ ಪರೀಕ್ಷೆಗೆ ದೊರೆತ ಮಾನ್ಯತೆ ಮರದ ಪರೀಕ್ಷೆಗೆ ಅನ್ವಯಿಸದು.

2. ಮಾದರಿಯನ್ನು ತೆಗೆದವರು ಯಾರು? ‘ಗ್ರಾಹಕರು ಒದಗಿಸಿದ ಮಾದರಿ’ ಎಂಬ ಸಾಲಿದ್ದರೆ, ವರದಿ ಆ ಪೊಟ್ಟಣದಲ್ಲಿದ್ದ ಪುಡಿಗೆ ಮಾತ್ರ ಸಾಕ್ಷಿಯೇ ಹೊರತು ಗೋದಾಮಿನಲ್ಲಿರುವ ಸರಕಿಗಲ್ಲ.

3. ಫಲಿತಾಂಶ ಯಾವ ಆಧಾರದ ಮೇಲೆ ಇದೆ? ಒಣ ತೂಕವೇ, ಹಸಿ ತೂಕವೇ; ಹೊರಪದರವೇ, ಇಡೀ ಮರವೇ; ಸಾಂದ್ರತೆ ಎಷ್ಟೆಂದು ಹಿಡಿಯಲಾಗಿದೆ?

4. ಮರುಪ್ರಾಪ್ತಿ ಪ್ರಮಾಣ, ಪತ್ತೆಯ ಕನಿಷ್ಠ ಮಿತಿ ಮತ್ತು ಅಳತೆಯ ಅನಿಶ್ಚಿತತೆಗಳನ್ನು ನಮೂದಿಸಲಾಗಿದೆಯೇ? ‘ಪತ್ತೆಯಾಗಿಲ್ಲ’ ಎಂಬ ಮಾತಿಗೆ ಅರ್ಥ ಬರುವುದು ಎಷ್ಟರವರೆಗೆ ಪತ್ತೆಹಚ್ಚುವ ಸಾಮರ್ಥ್ಯವಿತ್ತು ಎಂಬುದು ತಿಳಿದಾಗ ಮಾತ್ರ.

5. ಮಾದರಿಯ ಒಂದು ಭಾಗವನ್ನು ಮುದ್ರೆ ಹಾಕಿ, ಉಭಯ ಪಕ್ಷಗಳ ಸಹಿಯೊಂದಿಗೆ ಕಾದಿಡಲಾಗಿದೆಯೇ? ವಿವಾದ ಉಂಟಾದಾಗ ಮೂರನೆಯ ಪ್ರಯೋಗಾಲಯಕ್ಕೆ ಹೋಗಲು ಇದೊಂದೇ ದಾರಿ.

6. ಚಾರ್ಜ್ ಸಂಖ್ಯೆ, ದಿನಾಂಕ, ದ್ರಾವಣದ ಸಾಂದ್ರತೆ, ಪರೀಕ್ಷಾ ವರದಿ ಮತ್ತು ಮಾರಾಟದ ಬಿಲ್ ಇವೆಲ್ಲವೂ ಒಂದಕ್ಕೊಂದು ಹೊಂದುವಂತೆ ದಾಖಲೆ ಇರಬೇಕು. ಐದು ವರ್ಷಗಳ ನಂತರ ಬರುವ ದೂರಿಗೆ ನೆನಪು ಉತ್ತರವಾಗಲಾರದು.

ಮಾರಾಟಗಾರರು ಬಾಳಿಕೆಯ ಖಾತರಿ ನೀಡುವ ಪಕ್ಷದಲ್ಲಿ ಇನ್ನೊಂದು ಮಾತನ್ನು ಹೇಳಬೇಕಾಗಿದೆ. ಲೆಕ್ಕಪತ್ರ ಮಾನಕ 29ರ ಪ್ರಕಾರ, ಮಾರಿದ ಸರಕಿನ ಖಾತರಿಯಿಂದ ಉಂಟಾಗುವ ಹೊಣೆಯನ್ನು ಸಮಂಜಸವಾಗಿ ಅಂದಾಜು ಮಾಡಿ ಆಯಾ ವರ್ಷದ ಲೆಕ್ಕದಲ್ಲೇ ಅದಕ್ಕೆ ಅವಕಾಶ ಕಲ್ಪಿಸಬೇಕು. ಪರೀಕ್ಷೆಯ ದಾಖಲೆಗಳಿಲ್ಲದ ಸಂಸ್ಥೆ ಈ ಅಂದಾಜನ್ನು ಊಹೆಯಿಂದ ಮಾಡಬೇಕಾಗುತ್ತದೆ. ದಾಖಲೆಗಳಿರುವ ಸಂಸ್ಥೆ ಆಧಾರದಿಂದ ಮಾಡುತ್ತದೆ. ಪರೀಕ್ಷೆಯ ಶುಲ್ಕವನ್ನು ವ್ಯರ್ಥ ಖರ್ಚೆಂದು ಭಾವಿಸುವ ಮೊದಲು ಈ ವ್ಯತ್ಯಾಸವನ್ನೂ ಗಣನೆಗೆ ತೆಗೆದುಕೊಳ್ಳುವುದು ವಿವೇಕ.

ಭಾರತದ ಒಂದು ಪ್ರಯೋಗಶಾಲೆಯಲ್ಲಿ 1933ರಲ್ಲಿ ರೂಪುಗೊಂಡ ಮಿಶ್ರಣ ಜಗತ್ತಿನ ಮರಮುಟ್ಟಿಗೆ ದಶಕಗಳ ಆಯುಷ್ಯ ನೀಡಿತು. ಅದರ ಕಾಲ ಅನೇಕ ಬಳಕೆಗಳಲ್ಲಿ ಮುಗಿದಿದೆ. ಹೊಸ ಮಿಶ್ರಣಗಳು ಹಳೆಯದರಷ್ಟು ಸುಲಭವಾಗಿ ಅಳತೆಗೆ ಸಿಗುವುದಿಲ್ಲ. ಮರದ ವ್ಯಾಪಾರದಲ್ಲಿ ಇನ್ನು ಮುಂದೆ ಹೆಸರು ಗಳಿಸುವವರು, ಘನ ಮೀಟರಿಗೆ 2.4 ಕಿಲೋಗ್ರಾಂ ಎಂಬ ಮಾತಿನ ಹಿಂದಿರುವ 46.8 ಗ್ರಾಮಿಗೂ ಲೆಕ್ಕ ತೋರಿಸಬಲ್ಲವರೇ ಆಗಿರುತ್ತಾರೆ.